ಒಂದು ಶೇಕಡಾ ಇಳಿಜಾರು

ಊರಿನಿಂದ ಪುಣೆಗೆ ಬರುವ ರಾತ್ರಿ ಬಸ್ಸು ಹೊಸ ಕಾತ್ರಜ್ ಸುರಂಗ ದಾಟಿದ ಕೂಡಲೇ ನನಗೆ ಎಚ್ಚರವಾಗುತ್ತದೆ. ಯಾರೂ ಎಬ್ಬಿಸುವುದಿಲ್ಲ. ಬಸ್ಸಿನ ಸದ್ದು ಬದಲಾಗುತ್ತದೆ, ಅಷ್ಟೆ. ಅಲ್ಲಿಂದ ನವಲೆ ಬ್ರಿಜ್‌ವರೆಗೆ ರಸ್ತೆ ಇಳಿಜಾರು. ಕಣ್ಣಿಗೆ ಅದು ಘಾಟಿಯಂತೆ ಕಾಣುವುದಿಲ್ಲ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಕಂಡವರು ಇದನ್ನು ಸಪಾಟು ರಸ್ತೆ ಎಂದೇ ಹೇಳಿಯಾರು. ಆದರೂ ಪುಣೆಯಲ್ಲಿ ಇಷ್ಟು ಕುಖ್ಯಾತವಾದ ಜಾಗ ಇನ್ನೊಂದಿಲ್ಲ. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದು ಲಾರಿ ಹಿಡಿತ ತಪ್ಪಿ ಬಂದು, ಒಂದರ ಹಿಂದೆ ಒಂದರಂತೆ ಸುಮಾರು 48 ವಾಹನಗಳು ಜಖಂ ಆದವು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಎಲ್ಲಿಂದ ಬಂದರೂ ಕನ್ನಡಿಗರು ಪುಣೆಯೊಳಗೆ ಕಾಲಿಡುವುದು ಈ ಇಳಿಜಾರಿನಲ್ಲೇ.

ಇಳಿಜಾರಿನ ಗುಣವೇ ಹಾಗೆ. ಕಣ್ಣಿಗೆ ಕಾಣದಷ್ಟು ಇರುತ್ತದೆ, ಬ್ರೇಕಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಬರೆಯಹೊರಟಿದ್ದು ಲಾರಿಯ ಬಗ್ಗೆ ಅಲ್ಲ. ನನ್ನ ಮನೆ ಇರುವುದು ಧಾನೋರಿಯಲ್ಲಿ, ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಹತ್ತಿರ. ದಿನವಿಡೀ ತಲೆಯ ಮೇಲೆ ವಿಮಾನ. ಊರು ಬಜಪೆಯ ಕಡೆ. ಅಲ್ಲಿಯೂ ತಲೆಯ ಮೇಲೆ ವಿಮಾನವೇ. ಅಮ್ಮ ಪ್ರತಿವರ್ಷ ಪುಣೆಗೆ ಬರುತ್ತಾರೆ, ಆದರೆ ಬಸ್ಸಿನಲ್ಲಿ. ಹದಿನೆಂಟು ಗಂಟೆ ಕೂತು ಕಾಲು ಊದಿಸಿಕೊಂಡಾದರೂ ಬಂದಾರು, ವಿಮಾನ ಹತ್ತುವುದಿಲ್ಲ. "ಆ ಗುಡ್ಡೆಯ ತುದಿಯಿಂದ ಹಾರುವ ವಿಮಾನ ನನಗೆ ಬೇಡ ಮಗಾ" ಎನ್ನುತ್ತಾರೆ. 2010ರ ಮೇ 22ರ ನಂತರ ನಮ್ಮ ಕಡೆ ಈ ಮಾತು ಅಮ್ಮ ಒಬ್ಬರದೇ ಅಲ್ಲ. ಆ ಗುಡ್ಡೆ ನಿಜಕ್ಕೂ ಎಷ್ಟು ತಪ್ಪಿತಸ್ಥ ಎಂದು ತಿಳಿಯಲು ರನ್‌ವೇಯ ಇಳಿಜಾರಿನ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮೊದಲಿಗೆ ರನ್‌ವೇ ಎಂಬುದೇ ಇರಲಿಲ್ಲ, ಮೈದಾನವಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಯ ಜುಹುವಿಗೆ ಟಪಾಲು ಹೊತ್ತು ತಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ನಮ್ಮ ಬಳ್ಳಾರಿ ಭಾರತದ ವಿಮಾನಯಾನದ ಮೊದಲ ಪುಟದಲ್ಲೇ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಆಗಿನ ಪಸ್ ಮಾತ್ ಒಂದೇ ಎಂಜಿನ್ನಿನ ಹಗುರ ವಿಮಾನ. ಅಂಥ ವಿಮಾನಕ್ಕೆ ಗಟ್ಟಿ ನೆಲವಿದ್ದರೆ ಸಾಕು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಮುಖ ಮಾಡಿ ಏರುವುದು, ಇಳಿಯುವುದು. ನೆಲ ಓರೆಯಾಗಿದ್ದರೆ ಇಳಿಯುವಾಗ ಏರಿನ ಕಡೆಗೆ, ಹಾರುವಾಗ ತಗ್ಗಿನ ಕಡೆಗೆ ಓಡಿಸಬೇಕು ಎಂಬುದು ಪೈಲಟ್‌ಗಳ ಅನುಭವದ ಮಾತಾಗಿತ್ತು. ಎತ್ತಿನ ಗಾಡಿಯವನಿಗೂ ಗೊತ್ತಿದ್ದ ವಿಷಯ ಅದು.

ಈ ಹಳೆಯ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ. ನೇಪಾಳದ ಲುಕ್ಲಾದಲ್ಲಿ 527 ಮೀಟರಿನ ಓಡುದಾರಿ ನೂರಕ್ಕೆ ಸುಮಾರು 12ರಷ್ಟು ಓರೆ. ಫ್ರಾನ್ಸಿನ ಕೂರ್ಶವೆಲ್‌ನಲ್ಲಿ ಕೆಲವು ಭಾಗ ನೂರಕ್ಕೆ 18.5ರಷ್ಟು. ಎರಡೂ ಕಡೆ ಇಳಿಯುವುದು ಏರಿಗೆ, ಹಾರುವುದು ತಗ್ಗಿಗೆ. ಅಲ್ಲಿ ಓರೆಯೇ ಬ್ರೇಕು, ಓರೆಯೇ ಎಂಜಿನ್ನು. ಅಷ್ಟು ಚಿಕ್ಕ ಜಾಗದಲ್ಲಿ ಸಪಾಟು ರನ್‌ವೇ ಮಾಡಿದ್ದರೆ ಆ ವಿಮಾನಗಳು ನಿಲ್ಲುವುದೇ ಕಷ್ಟವಾಗುತ್ತಿತ್ತು.

ಯುದ್ಧ ಬಂದಾಗ ಈ ಮೈದಾನಗಳ ಕಾಲ ಮುಗಿಯಿತು. ಲೋಹಗಾಂವ್ ಹುಟ್ಟಿದ್ದು 1939ರಲ್ಲಿ, ಮುಂಬೈಯನ್ನು ಆಕಾಶದಿಂದ ಕಾಯಲು, ಬ್ರಿಟಿಷ್ ವಾಯುಪಡೆಯ ಪೂನಾ ನೆಲೆಯಾಗಿ. ವೆಲಿಂಗ್ಟನ್, ಮೊಸ್ಕಿಟೊ, ಸ್ಪಿಟ್‌ಫೈರ್ ವಿಮಾನಗಳು ಇಲ್ಲಿದ್ದವು. ನಮ್ಮ ಬೆಳಗಾವಿಯ ಸಾಂಬ್ರಾ ಕೂಡ ಅದೇ ಯುದ್ಧದ ಕೂಸು. ಬಾಂಬರ್‌ಗಳು ಭಾರ. ಮಳೆಗಾಲದ ಕಪ್ಪು ಎರೆಮಣ್ಣಿನಲ್ಲಿ ಅವು ಹೂತುಹೋಗುತ್ತವೆ. ಆದ್ದರಿಂದ ಗಟ್ಟಿ ಹಾಸಿನ ದಾರಿ ಬೇಕಾಯಿತು. ಒಮ್ಮೆ ಹಾಸು ಹಾಕಿದ ಮೇಲೆ ದಿಕ್ಕು ಖಾಯಂ, ಓರೆಯೂ ಖಾಯಂ. ಮೈದಾನದಲ್ಲಿದ್ದಂತೆ ಇವತ್ತು ಈ ಕಡೆ, ನಾಳೆ ಆ ಕಡೆ ಎನ್ನುವಂತಿಲ್ಲ. ಗಾಳಿ ಒಂದು ದಿಕ್ಕು ಹೇಳಿ, ಇಳಿಜಾರು ಇನ್ನೊಂದು ದಿಕ್ಕು ಹೇಳಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಇನ್ನು ಅನುಭವ ಸಾಲದು, ಲೆಕ್ಕ ಬೇಕು.

ಆ ಲೆಕ್ಕಗಳಿಗೆ ಜಗತ್ತಿನ ಒಪ್ಪಿಗೆ ಸಿಕ್ಕಿದ್ದು 1944ರ ಶಿಕಾಗೋ ಒಪ್ಪಂದದ ನಂತರ. ಅದರಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1951ರಲ್ಲಿ ವಿಮಾನ ನಿಲ್ದಾಣಗಳ ನಿಯಮಾವಳಿಯಾದ ಅನೆಕ್ಸ್ 14ನ್ನು ಅಂಗೀಕರಿಸಿತು. ಇಂದು ಅದರ ಪ್ರಕಾರ ದೊಡ್ಡ ವಿಮಾನಗಳ ರನ್‌ವೇಯಲ್ಲಿ ಅತಿ ಎತ್ತರದ ಮತ್ತು ಅತಿ ತಗ್ಗಿನ ಬಿಂದುಗಳ ನಡುವಿನ ವ್ಯತ್ಯಾಸವನ್ನು ಉದ್ದದಿಂದ ಭಾಗಿಸಿದರೆ ನೂರಕ್ಕೆ 1ನ್ನು ಮೀರಬಾರದು. ಅತಿ ದೊಡ್ಡ ದರ್ಜೆಯ ರನ್‌ವೇಗಳ ಮೊದಲ ಮತ್ತು ಕೊನೆಯ ಕಾಲು ಭಾಗಗಳಲ್ಲಿ 0.8ನ್ನು ಮೀರಬಾರದು, ಏಕೆಂದರೆ ವಿಮಾನ ನೆಲ ಮುಟ್ಟುವುದೂ, ಕೊನೆಗೆ ನಿಲ್ಲುವುದೂ ಅಲ್ಲೇ. ನಡುವೆ ಡುಬ್ಬವಿದ್ದರೂ ಮೂರು ಮೀಟರ್ ಎತ್ತರದ ಕಣ್ಣಿಗೆ ಮುಂದಿನ ಅರ್ಧ ರನ್‌ವೇಯಾದರೂ ಕಾಣಬೇಕು. ಸರಾಸರಿ ಓರೆ ಸೊನ್ನೆ ಎಂದ ಮಾತ್ರಕ್ಕೆ ರನ್‌ವೇ ಸಪಾಟು ಎಂದಲ್ಲ. ಎರಡು ತುದಿಗಳೂ ಒಂದೇ ಮಟ್ಟದಲ್ಲಿದ್ದು ನಡುವೆ ಒಂಟೆಯ ಬೆನ್ನಿರಬಹುದು.

ಸಿವಿಲ್ ಇಂಜಿನಿಯರಿಂಗ್ ಓದಿದವರಿಗೆ ಮುಂದಿನ ಲೆಕ್ಕ ನೆನಪಿರಬಹುದು. ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಸಪಾಟು ನೆಲದಲ್ಲಿ ಬೇಕಾಗುವ ಉದ್ದ ಮೂಲ ಉದ್ದ. ಪ್ರತಿ 300 ಮೀಟರ್ ಎತ್ತರಕ್ಕೆ ಅದನ್ನು ನೂರಕ್ಕೆ 7 ಹೆಚ್ಚಿಸು. ಆ ಎತ್ತರಕ್ಕೆ ಸಹಜವಾದ ಉಷ್ಣತೆಗಿಂತ ಪ್ರತಿ ಡಿಗ್ರಿ ಸೆಕೆಗೆ ನೂರಕ್ಕೆ 1 ಹೆಚ್ಚಿಸು. ಕೊನೆಗೆ ಪ್ರತಿ ಒಂದು ಶೇಕಡಾ ಓರೆಗೆ ನೂರಕ್ಕೆ 10 ಹೆಚ್ಚಿಸು. ಓದುವಾಗ ಇದು ಐದು ಅಂಕದ ಪ್ರಶ್ನೆ. ಪುಣೆಗೆ ಬಂದ ಮೇಲೆ ಒಂದು ಏಪ್ರಿಲ್ ಮಧ್ಯಾಹ್ನ, ಸೆಕೆಯಲ್ಲಿ ಕರೆಂಟಿಲ್ಲದೆ ಕೂತಾಗ, ಲೋಹಗಾಂವ್‌ಗೆ ಇದನ್ನು ಹಾಕಿ ನೋಡಿದೆ.

ನಿಲ್ದಾಣದ ಎತ್ತರ 592 ಮೀಟರ್. ಅದಕ್ಕೆ ಹೆಚ್ಚಳ ನೂರಕ್ಕೆ 13.8. ಆ ಎತ್ತರದ ಸಹಜ ಉಷ್ಣತೆ ಸುಮಾರು 11 ಡಿಗ್ರಿ. ಬೇಸಗೆಯ ಲೆಕ್ಕದ ಉಷ್ಣತೆ 33 ಎಂದು ಹಿಡಿದರೆ ಇನ್ನೊಂದು 22 ಶೇಕಡಾ. ಮೂಲ ಉದ್ದ 2,000 ಮೀಟರ್ ಬೇಕಾದ ವಿಮಾನಕ್ಕೆ ಮೊದಲು 2,276, ನಂತರ 2,777 ಮೀಟರ್ ಆಯಿತು. ಇದರ ಮೇಲೆ ಅರ್ಧ ಶೇಕಡಾ ಓರೆ ಇದೆ ಎಂದುಕೊಂಡರೆ 2,916. ಎತ್ತರ ಮತ್ತು ಸೆಕೆಯ ಹೆಚ್ಚಳ ಸೇರಿ ನೂರಕ್ಕೆ 35 ದಾಟಿದರೆ ಪುಸ್ತಕದ ಸೂತ್ರ ಸಾಲದು, ಆ ಜಾಗದ ಪ್ರತ್ಯೇಕ ಅಧ್ಯಯನ ಬೇಕು ಎನ್ನುತ್ತದೆ ನಿಯಮ. ಪುಣೆಯಲ್ಲಿ ಅದು 38ರ ಮೇಲೆ ಹೋಯಿತು. ಲೋಹಗಾಂವ್ ರನ್‌ವೇಯ ಉದ್ದ ಸುಮಾರು 2,535 ಮೀಟರ್. ರನ್‌ವೇ ಉದ್ದ ಮಾಡಬೇಕೆಂಬ ಕೂಗು ಪುಣೆಯಲ್ಲಿ ಯಾಕೆ ನಿಲ್ಲುವುದಿಲ್ಲ ಎಂಬುದು ಆವತ್ತು ಅರ್ಥವಾಯಿತು. ರನ್‌ವೇ ಬೆಳೆಯದಿದ್ದರೆ ವಿಮಾನ ತನ್ನ ತೂಕ ಇಳಿಸಬೇಕು. ಎಂದರೆ ಇಂಧನ ಕಡಿಮೆ, ಇಲ್ಲವೇ ಜನ, ಸಾಮಾನು ಕಡಿಮೆ.

ಈ ಲೆಕ್ಕದಲ್ಲಿ ಓರೆಯ ಪಾಲು ಚಿಕ್ಕದು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಅದು ಎಲ್ಲಿ ಚಿಕ್ಕದು, ಎಲ್ಲಿ ದೊಡ್ಡದು ಎಂಬುದರಲ್ಲೇ ವಿಷಯವಿರುವುದು.

ಒಂದು ಶೇಕಡಾ ಏರಿನಲ್ಲಿ 70 ಟನ್ನಿನ ವಿಮಾನವನ್ನು ಭೂಮಿ 700 ಕಿಲೋ ತೂಕದ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಇದು ವೇಗೋತ್ಕರ್ಷದಲ್ಲಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರಿನಷ್ಟು ಕಡಿತ. ವಿಮಾನ ಗಂಟೆಗೆ 270 ಕಿ.ಮೀ. ವೇಗ ಮುಟ್ಟಿ ಏಳಬೇಕು ಎನ್ನೋಣ. ಅದರ ವೇಗೋತ್ಕರ್ಷ 2 ಮೀಟರ್ ಇದ್ದರೆ ಸಪಾಟಿನಲ್ಲಿ ಸುಮಾರು 1,406 ಮೀಟರ್ ಓಡಬೇಕು, ಏರಿನಲ್ಲಿ 1,480. ವ್ಯತ್ಯಾಸ 74 ಮೀಟರ್. ಅದೇ ಸೆಕೆಯಲ್ಲಿ, ತುಂಬು ಭಾರದಲ್ಲಿ ವೇಗೋತ್ಕರ್ಷ 1.5ಕ್ಕೆ ಇಳಿದರೆ 1,875 ಮೀಟರ್ ಇದ್ದದ್ದು 2,009 ಆಗುತ್ತದೆ. ಅದೇ ಓರೆ, ವ್ಯತ್ಯಾಸ 134 ಮೀಟರ್.

ಇಳಿಯುವಾಗಲೂ ಹೀಗೇ. ಗಂಟೆಗೆ 260 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನ ಒಣ ರನ್‌ವೇಯಲ್ಲಿ ಚೆನ್ನಾಗಿ ಬ್ರೇಕು ಹಿಡಿದರೆ ಸುಮಾರು 864 ಮೀಟರಿನಲ್ಲಿ ನಿಂತೀತು. ಒಂದು ಶೇಕಡಾ ಇಳಿಜಾರಿದ್ದರೆ 894. ಬರೀ 30 ಮೀಟರ್ ಹೆಚ್ಚು. ಮಳೆ ಬಿದ್ದು, ಟಯರು ಜಾರಿ, ಬ್ರೇಕಿನ ಹಿಡಿತ 3ರಿಂದ 1.2ಕ್ಕೆ ಕುಸಿಯಿತು ಎನ್ನಿ. ಸಪಾಟಿನಲ್ಲಿ 2,160 ಮೀಟರ್, ಇಳಿಜಾರಿನಲ್ಲಿ 2,356. ಈಗ ವ್ಯತ್ಯಾಸ ಹೆಚ್ಚುಕಮ್ಮಿ 200 ಮೀಟರ್. ಓರೆ ಬದಲಾಗಿಲ್ಲ, ಕಷ್ಟ ಬದಲಾಗಿದೆ. ಎಲ್ಲ ಸರಿಯಿದ್ದ ದಿನ ಇಳಿಜಾರು ಕೈಸಾಲ ಕೇಳುವ ನೆಂಟನಂತೆ. ಕೈ ಖಾಲಿಯಾದ ದಿನವೂ ಬಂದು ಅಷ್ಟನ್ನೇ ಕೇಳುತ್ತಾನೆ.

ಇವೆರಡರ ನಡುವೆ ಇನ್ನೊಂದು ಸಂಗತಿಯಿದೆ: ಹಾರಲು ಓಡುತ್ತಿರುವಾಗ ಏನೋ ತಪ್ಪು ಕಂಡರೆ ನಿಲ್ಲಿಸಬೇಕೋ, ಮುಂದುವರಿಯಬೇಕೋ? ಪ್ರತಿ ಹಾರಾಟಕ್ಕೂ ಮೊದಲೇ ಒಂದು ವೇಗವನ್ನು ಲೆಕ್ಕ ಹಾಕಿಟ್ಟಿರುತ್ತಾರೆ. ವಿ-ಒನ್ ಎನ್ನುತ್ತಾರೆ. ಅದರ ಒಳಗಿದ್ದರೆ ನಿಲ್ಲಿಸಬಹುದು, ದಾಟಿದರೆ ಹಾರಲೇಬೇಕು. ರನ್‌ವೇ ಏರಾಗಿದ್ದರೆ ವೇಗ ಹಿಡಿಯುವುದು ತಡ, ನಿಲ್ಲುವುದು ಸುಲಭ. ಆದ್ದರಿಂದ ವಿ-ಒನ್ ಮೇಲಕ್ಕೆ ಸರಿಯುತ್ತದೆ. ಇಳಿಜಾರಾದರೆ ವೇಗ ಬೇಗ ಬರುತ್ತದೆ, ನಿಲ್ಲುವುದು ಕಷ್ಟ. ವಿ-ಒನ್ ಕೆಳಕ್ಕೆ ಬರುತ್ತದೆ. ಹಾರಲು ಇಳಿಜಾರು ಒಳ್ಳೆಯದು ಎಂಬ ಹಳೆಯ ಅನುಭವದ ಮಾತು ಇಲ್ಲಿ ಅರ್ಧ ಸತ್ಯವಾಗುತ್ತದೆ. ಹಾರುವವನಿಗೆ ಒಳ್ಳೆಯದು, ನಿಲ್ಲಬೇಕಾದವನಿಗೆ ಅಲ್ಲ.

ಈ ತೀರ್ಮಾನಕ್ಕೆ ಸಿಗುವುದು ಒಂದೆರಡು ಸೆಕೆಂಡು. 2020ರ ಫೆಬ್ರವರಿ 15ರಂದು ಲೋಹಗಾಂವ್‌ನಲ್ಲಿ ದೆಹಲಿಗೆ ಹೊರಟಿದ್ದ ಏರ್ ಇಂಡಿಯಾದ ಎ321 ವಿಮಾನ ಸುಮಾರು 120 ನಾಟ್ ವೇಗದಲ್ಲಿದ್ದಾಗ ರನ್‌ವೇಯ ಮೇಲೆ ಒಂದು ಜೀಪೂ ಒಬ್ಬ ಮನುಷ್ಯನೂ ಕಂಡರು. ಪೈಲಟ್ ಹೊತ್ತಿಗೆ ಮುಂಚೆಯೇ ಮೂತಿ ಎತ್ತಿದರು. ವಿಮಾನದ ಹಿಂಭಾಗಕ್ಕೆ ಪೆಟ್ಟಾಯಿತು, ದೆಹಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಅದು ಓರೆಯ ಕಥೆಯಲ್ಲ. ಆದರೆ ರನ್‌ವೇಯ ಉದ್ದದಲ್ಲಿ ಮೀಸಲಿಟ್ಟ ಒಂದೊಂದು ಮೀಟರೂ ಯಾರಿಗಾಗಿ, ಎಂಥ ಗಳಿಗೆಗಾಗಿ ಎಂಬುದಕ್ಕೆ ಪುಣೆಯದೇ ಉದಾಹರಣೆ. ಲೋಹಗಾಂವ್‌ನ ಸುಖೋಯ್‌ಗಳಿಗೆ ಇಳಿದ ಮೇಲೆ ಬಾಲದಿಂದ ಛತ್ರಿ ಬಿಚ್ಚಿ ವೇಗ ತಗ್ಗಿಸುವ ಸೌಕರ್ಯ ಇದೆ. ನಾವು ನೀವು ಕೂರುವ ವಿಮಾನಕ್ಕೆ ಇರುವುದು ಬ್ರೇಕು, ರೆಕ್ಕೆಯ ಮೇಲೇಳುವ ಹಲಗೆಗಳು, ಎಂಜಿನ್ನಿನ ಹಿಮ್ಮುಖ ಒತ್ತಡ, ಮತ್ತು ಉಳಿದಷ್ಟು ರನ್‌ವೇ.

ಈಗ ಬಜಪೆಗೆ ಬರೋಣ. ಕರಾವಳಿಯಲ್ಲಿ ಸಪಾಟು ನೆಲವಿರುವುದು ಎರಡೇ ಕಡೆ. ಒಂದು ಬೈಲು, ಅಲ್ಲಿ ಗದ್ದೆ, ತೋಟ, ನೀರು. ಇನ್ನೊಂದು ಮುರಕಲ್ಲಿನ ಪದವು. ವಿಮಾನ ನಿಲ್ದಾಣಕ್ಕೆ ಪದವೇ ಗತಿ. ಪದವು ಸಪಾಟಾಗಿರುತ್ತದೆ, ಆದರೆ ಅದಕ್ಕೆ ಅಂಚಿರುತ್ತದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಬಜಪೆಯ ನಿಲ್ದಾಣ ಆರಂಭವಾಯಿತು. ಅನೆಕ್ಸ್ 14 ಒಪ್ಪಿಗೆಯಾದದ್ದೂ ಅದೇ ವರ್ಷ. ಡಿಸಿ-3ಗೆ ಸಾಕಾಗಿದ್ದ ಆ ಹಳೆಯ ಚಿಕ್ಕ ರನ್‌ವೇಗೇ ಮುಂದೆ ಜೆಟ್‌ಗಳೂ ಬಂದವು. 1981ರ ಆಗಸ್ಟ್ 19ರಂದು, ಮಳೆಯಲ್ಲಿ, ಇಂಡಿಯನ್ ಏರ್‌ಲೈನ್ಸಿನ ಎಚ್ಎಸ್-748 ವಿಮಾನ ರನ್‌ವೇ ಮೀರಿ ಅಂಚಿನಲ್ಲಿ ನಿಂತಿತು. ವಿಮಾನ ಮತ್ತೆ ಹಾರಲಿಲ್ಲ. ಜನ ಉಳಿದರು. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು.

2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ದುಬೈ ವಿಮಾನಗಳೂ ಬಂದವು. ಮಂಗಳೂರು, ಉಡುಪಿ, ಕಾಸರಗೋಡುಗಳ ಮನೆಮನೆಗೆ ಅದು ಎಂಥ ದೊಡ್ಡ ಸಂಗತಿಯಾಗಿತ್ತು ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಮುಂಬೈಯಲ್ಲಿ ಇಳಿದು ಬಸ್ಸು ಹಿಡಿಯುವ ಕಾಲ ಮುಗಿದಿತ್ತು.

2010ರ ಮೇ 22, ಶನಿವಾರ, ಬೆಳಗಿನ ಆರು ಗಂಟೆಯ ಸುಮಾರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೋಯಿಂಗ್ 737-800. ಒಳಗೆ 166 ಜನ. ಉಳಿದವರು ಎಂಟು. ಸತ್ತವರು 158. ಗುರುತು ಸಿಗದ ದೇಹಗಳನ್ನು ಕೂಳೂರಿನ ಹತ್ತಿರ ಮಣ್ಣು ಮಾಡಿದರು. ಊರಿಗೆ ಹೋದಾಗ ಆ ದಾರಿಯಲ್ಲಿ ಹಾದರೆ ಬಸ್ಸಿನೊಳಗೆ ಮಾತು ನಿಲ್ಲುವುದನ್ನು ನಾನು ಕಂಡಿದ್ದೇನೆ.

ತನಿಖಾ ನ್ಯಾಯಾಲಯದ ಮುಖ್ಯಸ್ಥರಾಗಿದ್ದವರು ಏರ್ ಮಾರ್ಷಲ್ ಭೂಷಣ್ ಗೋಖಲೆ, ಪುಣೆಯ ಸಾರ್ವಜನಿಕ ವೇದಿಕೆಗಳಲ್ಲಿ ಪರಿಚಿತ ಹೆಸರು. ಅವರ ವರದಿಯ ಸಾರ ಹೀಗಿದೆ. ವಿಮಾನ ಇಳಿಯಲು ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ದೆಯಲ್ಲಿದ್ದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಕೇಳಲಿಲ್ಲ. ಸುಮಾರು 8,033 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ಊರಿತು. ಉಳಿದದ್ದು 2,800 ಅಡಿ. ಅಷ್ಟಾದರೂ ನೆಲ ಮುಟ್ಟಿದ ಕೂಡಲೇ ಪೂರ್ತಿ ಬ್ರೇಕು ಒತ್ತಿ ಹಿಮ್ಮುಖ ಒತ್ತಡ ಹಾಕಿದ್ದರೆ ವಿಮಾನ ಹಾಸಿನ ಮೇಲೇ ನಿಲ್ಲಬಹುದಿತ್ತು. ಆದರೆ ಕ್ಯಾಪ್ಟನ್ ಹಿಮ್ಮುಖ ಒತ್ತಡ ಹಾಕಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಲು ಹೊರಟರು. ರನ್‌ವೇ ಮುಗಿಯಿತು. ಆಚೆಗಿದ್ದ 90 ಮೀಟರಿನ ಸುರಕ್ಷಾ ಜಾಗವೂ ಮರಳಿನ ಹಾಸೂ ಮುಗಿದವು. ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು. ಅಲ್ಲಿಂದ ಕಣಿವೆ.

ಹಾಗಾದರೆ ರನ್‌ವೇಯ ಓರೆ ಕೊಂದದ್ದಲ್ಲ. ಅಮ್ಮನ ಗುಡ್ಡೆ ನಿರ್ದೋಷಿಯೇ? ಅಷ್ಟು ಸುಲಭವಾಗಿ ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ಓರೆ ಎಂದರೆ ನಾವು ರನ್‌ವೇಯ ಎರಡು ತುದಿಗಳ ನಡುವಿನದನ್ನು ಮಾತ್ರ ಅಳೆಯುತ್ತೇವೆ. ತುದಿಯ ಆಚೆಗೂ ನೆಲವಿದೆ, ಅದಕ್ಕೂ ಓರೆಯಿದೆ. ಬಯಲಿನ ನಿಲ್ದಾಣದಲ್ಲಿ ರನ್‌ವೇ ಮೀರಿದ ವಿಮಾನ ಕೆಸರಿನಲ್ಲಿ ಹೂತು ನಿಂತೀತು, ಜನ ಹೆದರಿ ಕೆಳಗಿಳಿದಾರು. ಪದವಿನ ಮೇಲೆ ಅದೇ ತಪ್ಪಿಗೆ ಅದೇ ಶಿಕ್ಷೆಯಲ್ಲ. ಕಣ್ಣಿನ ವಂಚನೆಯೂ ಇದೆ. ಏರು ರನ್‌ವೇಗೆ ಇಳಿಯುವಾಗ ಪೈಲಟ್‌ಗೆ ತಾನು ಎತ್ತರದಲ್ಲಿದ್ದೇನೆ ಎನಿಸಿ, ತಗ್ಗಿ ಬರುತ್ತಾನೆ. ಇಳಿಜಾರು ರನ್‌ವೇ ತಾನು ತಗ್ಗಿನಲ್ಲಿದ್ದೇನೆ ಎಂಬ ಭ್ರಮೆ ಹುಟ್ಟಿಸಿ, ಅವನನ್ನು ಎತ್ತರದಲ್ಲಿ ತಂದು ದೂರ ಇಳಿಸುತ್ತದೆ. ಸುತ್ತ ಕಣಿವೆಯಿರುವ ಪದವಿನಲ್ಲಿ ಎತ್ತರವನ್ನು ಕಣ್ಣಳತೆಯಿಂದ ಹಿಡಿಯುವುದು ಇನ್ನೂ ಕಷ್ಟ. ಇಂಥ ಕಡೆ ಉಪಕರಣವನ್ನು ನಂಬಬೇಕು, ಪಕ್ಕದವನ ಮಾತನ್ನೂ ನಂಬಬೇಕು.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಳಿಕ್ಕೋಡಿನಲ್ಲಿ ಇದೇ ಮರುಕಳಿಸಿತು. ಅದೂ ಪದವು, ಅದೂ ದುಬೈ ವಿಮಾನ. ಮಳೆ, ಹಿಂದಿನಿಂದ ಗಾಳಿ, 8,858 ಅಡಿಯಲ್ಲಿ ಸುಮಾರು ಅರ್ಧ ಕಳೆದ ಮೇಲೆ ನೆಲ. ಅಲ್ಲಿಯೂ ಮೇಲೇರೋಣ ಎಂದ ಜೊತೆಗಾರನ ಮಾತು ನಡೆಯಲಿಲ್ಲ. 190 ಜನರಲ್ಲಿ 21 ಮಂದಿ ಹೋದರು. ಬಜಪೆಯ ವರದಿ ಓದಿದವರಿಗೆ ಕೋಳಿಕ್ಕೋಡಿನದು ಹೊಸದೆನಿಸುವುದಿಲ್ಲ. ನೋವಾಗುವುದು ಅದಕ್ಕೇ.

ಅನೆಕ್ಸ್ 14 ರನ್‌ವೇ ತುದಿಯ ಸುರಕ್ಷಾ ಜಾಗ ಕನಿಷ್ಠ 90 ಮೀಟರ್ ಇರಲೇಬೇಕು, ದೊಡ್ಡ ರನ್‌ವೇಗಳಲ್ಲಿ ಸಾಧ್ಯವಾದರೆ 240 ಇರಲಿ ಎನ್ನುತ್ತದೆ. ಜಾಗವಿಲ್ಲದ ಕಡೆ ಚಕ್ರದಡಿ ಪುಡಿಯಾಗಿ ವಿಮಾನವನ್ನು ಹಿಡಿದು ನಿಲ್ಲಿಸುವ ಹಗುರ ಕಾಂಕ್ರೀಟಿನ ಹಾಸುಗಳೂ ಜಗತ್ತಿನಲ್ಲಿವೆ. "ಇರಲೇಬೇಕು" ಮತ್ತು "ಇರಲಿ" ಎಂಬ ಎರಡು ಮಾತುಗಳ ನಡುವೆ 150 ಮೀಟರ್ ಇದೆ. ಮೇಲೆ ಹೇಳಿದ ಒದ್ದೆ ರನ್‌ವೇಯ ಲೆಕ್ಕ ನೆನಪಿಸಿಕೊಳ್ಳಿ: ಒಂದು ಶೇಕಡಾ ಇಳಿಜಾರು ತಿಂದುಹಾಕುವುದು ಅದಕ್ಕಿಂತ ಹೆಚ್ಚು.

ಕಳೆದ ದೀಪಾವಳಿಗೆ ಅಮ್ಮ ಇಲ್ಲಿದ್ದಾಗ ಇದನ್ನೆಲ್ಲ ಹೇಳಿದೆ. ಲೆಕ್ಕ ಬಿಟ್ಟು ಕಥೆ ಹೇಳಿದೆ. ನಿದ್ದೆ, ಮೂರು ಸಲ ಹೇಳಿದ ಮಾತು, ಕೊನೆಯ ಬ್ರೇಕು. ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೇಳಿದರು.

"ಹಾಗಾದ್ರೆ ತಪ್ಪು ಗುಡ್ಡೆದಲ್ಲ ಅಂತ ನೀನು ಹೇಳುದಾ?"

"ಗುಡ್ಡೆದಲ್ಲ ಅಮ್ಮ. ಆದ್ರೆ ಗುಡ್ಡೆಯಲ್ಲಿ ತಪ್ಪು ಮಾಡ್ಲಿಕ್ಕೆ ಜಾಗ ಕಮ್ಮಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೂರು ಸಲ ಹೇಳಿದ್ನಲ್ಲ ಆ ಹುಡುಗ, ಪಾಪ" ಎಂದರು. ನನ್ನ ಲೆಕ್ಕಗಳಲ್ಲಿ ನಾನು ಅವನನ್ನು ಅಷ್ಟು ಹೊತ್ತು ಮರೆತೇಬಿಟ್ಟಿದ್ದೆ.

ಬರುವ ಮೇ ತಿಂಗಳಿಗೆ ಅಮ್ಮನಿಗೂ ಸೇರಿಸಿ ವಿಮಾನದ ಟಿಕೆಟ್ ನೋಡಿದ್ದೇನೆ. ಅವರು ಇನ್ನೂ ಹ್ಞೂಂ ಎಂದಿಲ್ಲ.